ತೋಟದ ಶೆಡ್ಡಿನಲ್ಲಿ ಕಟ್ಟುವ ವಿಲ್ಲಿಸ್ ಮಾದರಿಯ ಜೀಪಿಗೆ ನೋಂದಣಿ ಸಿಗುತ್ತದೆಯೇ?

ಗೋಣಿಕೊಪ್ಪದ ಬೆಳೆಗಾರ:
ನಮ್ಮ ತಂದೆಯವರ 1973ರ ಮಹೀಂದ್ರ ಜೀಪು ಶೆಡ್ಡಿನಲ್ಲಿ ನಿಂತು ಬಹಳ ಕಾಲವಾಯಿತು. ಮಳೆಗಾಲದ ತೇವಕ್ಕೆ ಬಾಡಿಯ ತಳವೆಲ್ಲ ತುಕ್ಕು ಹಿಡಿದು ಉದುರಿದ್ದರೂ ಚಾಸಿಸ್ (ಅಡಿಯ ಚೌಕಟ್ಟು) ಗಟ್ಟಿಯಾಗಿದೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ಅಳತೆಗೆ ನಾನೇ ತಗಡಿನ ಬಾಡಿ ಕಟ್ಟಿ, ಬೇರೆ ಕಂಪನಿಯ ಡೀಸೆಲ್ ಎಂಜಿನ್ ಕೂರಿಸಬೇಕೆಂದಿದ್ದೇನೆ. ಇದನ್ನು ಆರ್‌ಟಿಒ ಒಪ್ಪುತ್ತಾರೆಯೇ? ಒಪ್ಪದಿದ್ದರೆ ತೋಟದೊಳಗೆ ಮಾತ್ರ ಓಡಿಸಬಹುದೇ? ಕಟ್ಟುವವರೇ ಸುರಕ್ಷತೆಯ ಹೊಣೆ ಹೊರುತ್ತೇವೆಂದರೂ ಸರ್ಕಾರ ಅಡ್ಡ ಬರುವುದೇಕೆ?

ಕುಶಾಲನಗರದ ವಕೀಲ:
ನಮ್ಮ ಕಾನೂನಿಗೆ ತಯಾರಕ ಗೊತ್ತು, ಮನೆಯಲ್ಲಿ ಕಟ್ಟುವವನು ಗೊತ್ತಿಲ್ಲ. ತೊಡಕಿನ ಮೂಲ ಇದೇ. ಹೊಸ ವಾಹನವೆಂದು ನೋಂದಾಯಿಸಲು ಹೋದರೆ ವಾಹನ ರಸ್ತೆಗೆ ಯೋಗ್ಯವೆಂದು ತಯಾರಕರು ಕೊಡುವ ಫಾರಂ 22 ಕೇಳುತ್ತಾರೆ, ಅದರ ಹಿಂದೆ ಪುಣೆಯ ಎಆರ್‌ಎಐಯಂಥ ಸಂಸ್ಥೆಯಲ್ಲಿ ಮಾದರಿ ವಾಹನದ ಪರೀಕ್ಷೆ ಆಗಿರಬೇಕು. ಒಂದೇ ಜೀಪಿಗಾಗಿ ಇಷ್ಟೆಲ್ಲ ಮಾಡಿಸುವುದು ಯಾರಿಗೂ ಗಿಟ್ಟುವುದಿಲ್ಲ. ಹಳೆಯ ಆರ್‌ಸಿಯನ್ನೇ ಇಟ್ಟುಕೊಂಡು ಬದಲಾಯಿಸುತ್ತೇನೆಂದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ನಿಲ್ಲುತ್ತದೆ. ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ನೆರೆಯ ಕೇರಳದಿಂದ ಹೋದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ.

ತೋಟದೊಳಗೆ ಏನು ಬೇಕಾದರೂ ಓಡಿಸಬಹುದೆಂಬ ಮಾತು ನಮ್ಮ ಜಿಲ್ಲೆಯಲ್ಲಿ ವೇದವಾಕ್ಯದಂತೆ ನಡೆಯುತ್ತಿದೆ. ಆದರೆ ನೋಂದಣಿಯಿಲ್ಲದೆ ವಾಹನ ಓಡಿಸಬಾರದೆನ್ನುವ 39ನೇ ಸೆಕ್ಷನ್ ಸಾರ್ವಜನಿಕ ಸ್ಥಳದ ಜೊತೆಗೆ ‘ಬೇರಾವುದೇ ಸ್ಥಳ’ವನ್ನೂ ಸೇರಿಸಿದೆ. ಆವರಣದೊಳಗಿನ ಬಳಕೆಗೆಂದೇ ರೂಪಿಸಿದ ವಿಶೇಷ ಬಗೆಯ ವಾಹನಕ್ಕೆ ವಿನಾಯಿತಿ ಇದೆಯಾದರೂ, ರಸ್ತೆಗೆಂದು ತಯಾರಾದ ಜೀಪು ಗೇಟಿನೊಳಗೆ ನಿಂತ ಮಾತ್ರಕ್ಕೆ ಆ ಬಗೆಯದ್ದಾಗದು.

ತಮ್ಮ ಜೀಪಿಗೆ 50 ವರ್ಷ ದಾಟಿರುವುದರಿಂದ 2021ರ ವಿಂಟೇಜ್ ನಿಯಮವನ್ನೊಮ್ಮೆ ನೋಡಿ. ಅದರಡಿ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ಷರತ್ತೇನೆಂದರೆ ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಪ್ರದರ್ಶನ, ರ‍್ಯಾಲಿಯಂಥ ಸಂದರ್ಭಗಳಿಗಷ್ಟೇ ರಸ್ತೆಗಿಳಿಸಬೇಕು. ಸಂತೆಗೆ ಹೋಗಿ ಬರಲು ಆಗದು.

ಸೋಮವಾರಪೇಟೆಯ ಮೆಕ್ಯಾನಿಕ್:
ವಕೀಲ ಸರ್ ಹೇಳಿದ್ದು ಸರಿ. ಕೊನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಹೊರಗೆ ಎಲ್ಲೋ ಕಟ್ಟಿಸಿ ತಂದ ಜೀಪೊಂದು ಕಳೆದ ವರ್ಷ ನಮ್ಮ ಶೆಡ್ಡಿಗೆ ಬಂದಿತ್ತು. ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ಆದರೆ ಸ್ಟೀರಿಂಗ್ ಬಾಕ್ಸಿನ ಬ್ರಾಕೆಟ್ಟನ್ನು ಚಾಸಿಸ್ಸಿಗೆ ನಾಲ್ಕು ಟ್ಯಾಕ್ ವೆಲ್ಡಿನಲ್ಲಿ (ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕೆ ಬೆಸುಗೆ) ಅಂಟಿಸಿ ಮೇಲೆ ಪುಟ್ಟಿ ಬಳಿದಿದ್ದರು. ಸುತ್ತಿಗೆಯಿಂದ ತಟ್ಟಿದಾಗ ಎರಡು ಕಿತ್ತು ಬಂದವು. ಮಾಲೀಕರು ಅದೇ ಜೀಪಿನಲ್ಲಿ ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಿ ಬಂದಿದ್ದರು! ತನ್ನ ವೆಲ್ಡನ್ನು ತಾನೇ ಪರೀಕ್ಷಿಸಿದವನ ಮಾತನ್ನು ನಾನಂತೂ ನಂಬುವುದಿಲ್ಲ.

ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರನ್ನು ಒಂದೊಂದಾಗಿ ಸರ್ಕಾರವೇ ಪರೀಕ್ಷಿಸುತ್ತದೆ. ಅಮೆರಿಕ 2015ರ ಕಾನೂನಿನಲ್ಲಿ ಸಣ್ಣ ತಯಾರಕರಿಗೆ ವರ್ಷಕ್ಕೆ ಹಳೆಯ ಕಾರುಗಳ 325 ಪ್ರತಿಕೃತಿಗಳವರೆಗೆ ಸಡಿಲಿಕೆ ಕೊಟ್ಟಿದೆ. ನನಗೆ ಹಿಡಿಸಿದ್ದು ನ್ಯೂಜಿಲೆಂಡಿನ ದಾರಿ. ಅಲ್ಲಿ ಕಾರು ಕಟ್ಟುವ ಹವ್ಯಾಸಿಗಳ ಕೂಟಗಳು ಒಟ್ಟುಗೂಡಿ 1992ರಲ್ಲಿ ಸಂಘ ಮಾಡಿಕೊಂಡು, ವೆಲ್ಡಿಂಗ್, ಬ್ರೇಕು, ಸ್ಟೀರಿಂಗ್ ಹೇಗಿರಬೇಕೆಂದು ತಾವೇ ಬರೆದರು. ಸರ್ಕಾರ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಅಧಿಕೃತ ಪರೀಕ್ಷಕ ನೋಡಿ ಒಪ್ಪಿದ ಮೇಲೆ, ಏನೇನು ಬದಲಾಗಿದೆಯೆಂದು ಕೆತ್ತಿದ ತಗಡನ್ನು ಕಾರಿಗೇ ಹೊಡೆಯುತ್ತಾರೆ. ನಮ್ಮಲ್ಲಿ ಜೀಪಿನ ಹುಚ್ಚಿಗೇನೂ ಬರವಿಲ್ಲ, ಆದರೆ ಇಬ್ಬರು ಜೀಪಿನವರನ್ನು ಒಂದು ಅಳತೆಗೆ ಒಪ್ಪಿಸುವುದು ಕಾಫಿಗೆ ಬೆಲೆ ಕಟ್ಟುವುದಕ್ಕಿಂತ ಕಷ್ಟ.

ಗೋಣಿಕೊಪ್ಪದ ಬೆಳೆಗಾರ:
ಇಬ್ಬರಿಗೂ ಧನ್ಯವಾದಗಳು. ಡೀಸೆಲ್ ಎಂಜಿನ್ನಿಗೆ ಕೊಟ್ಟ ಮುಂಗಡವನ್ನು ವಾಪಸು ಕೇಳಿದ್ದೇನೆ. ಮೂಲ ಎಂಜಿನ್ ಇನ್ನೂ ಗೋಣಿಚೀಲದ ಕೆಳಗಿದೆ. ಬಾಡಿಯ ತಳಕ್ಕೆ ಮಾತ್ರ ಹೊಸ ತಗಡು ಹಾಕಿದರೆ ಅದು ‘ದೊಡ್ಡ ಬದಲಾವಣೆ’ ಆಗುತ್ತದೆಯೇ ಎಂದು ಮಡಿಕೇರಿಯ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲೇ ಕೇಳುತ್ತೇನೆ; ಉತ್ತರ ಕೈಗೆ ಬರುವವರೆಗೆ ಕಟಿಂಗ್ ಮೆಷಿನ್ ಮುಟ್ಟುವುದಿಲ್ಲ.