ಲಂಡನ್‌ನಲ್ಲಿ ಒಂದೇ ದಿನ: ಅತ್ತೆ, ಮಕ್ಕಳ ಜೊತೆ ಏನೇನು ನೋಡಬಹುದು?

ಶಹಾಬಜಾರ್ ಸೊಸೆ, ಕಲಬುರಗಿ

ಎಲ್ಲರಿಗೂ ಶರಣು. ಜೂನ್‌ನಲ್ಲಿ ಇಂಗ್ಲೆಂಡಿಗೆ, ನಾದಿನಿ ಮನೆಗೆ ಹೊರಟಿದ್ದೇವೆ. ಅವರ ಊರು ಲಂಡನ್‌ಗೆ ದೂರ. ಲಂಡನ್ ಸುತ್ತಲು ಸಿಗುವುದು ಒಂದೇ ಶುಕ್ರವಾರ. ನಾವಿಬ್ಬರು, ಅತ್ತೆ, ಹತ್ತು ವರ್ಷದ ಮಗಳು, ಆರು ವರ್ಷದ ಮಗ. ಅತ್ತೆ ದಿನಾ ಶರಣಬಸವೇಶ್ವರ ಗುಡಿಗೆ ನಡೆದೇ ಹೋಗುತ್ತಾರೆ. ಆದರೆ ಮೊಣಕಾಲು ನೋವು, ಮೆಟ್ಟಿಲು ಅಂದರೆ ಆಗಲ್ಲ.

ನಮ್ಮ ಮನೆಯವರು ಬಕಿಂಗ್‌ಹ್ಯಾಮ್ ಅರಮನೆ, ಬಿಗ್ ಬೆನ್, ಲಂಡನ್ ಐ, ಮೇಣದ ಗೊಂಬೆಗಳ ಮ್ಯೂಸಿಯಂ, ಕೊಹಿನೂರ್ ಎಲ್ಲ ಬರೆದಿಟ್ಟಿದ್ದಾರೆ. ಅತ್ತೆ ಕೇಳಿದ್ದು ಒಂದೇ. ಬಸವಣ್ಣನವರ ಮೂರ್ತಿ ತೋರಿಸಿ ಅಂತ. ಅದು ಎಲ್ಲಿದೆ? ಅದರ ಜೊತೆಗೆ ಇನ್ನೇನು ಆಗುತ್ತೆ? ಊಟದ್ದೂ ಚಿಂತೆ. ಅತ್ತೆ ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟಲ್ಲ.

ಆಳಂದ ರಸ್ತೆಯವ, ಈಗ ಕ್ರಾಯ್ಡನ್

ಅಕ್ಕಾರೆ, ಅತ್ತೆಯವರು ಕೇಳಿದ್ದರಿಂದಲೇ ದಿನ ಶುರು ಮಾಡಿ. ಪಟ್ಟಿಯಲ್ಲಿ ಉಳಿದದ್ದು ಅದರ ಸುತ್ತ ಎಷ್ಟು ಕೂಡುತ್ತದೋ ಅಷ್ಟೇ ಸಾಕು.

ಮೂರ್ತಿ ಇರುವುದು ಥೇಮ್ಸ್ ನದಿಯ ದಂಡೆಯಲ್ಲಿ, ಲ್ಯಾಂಬೆತ್ ಸೇತುವೆ ಹತ್ತಿರ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ರಸ್ತೆಯ ಉದ್ಯಾನದಲ್ಲಿ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದರು. ಅದಕ್ಕೆ ಮುಂದಾಳಾಗಿ ಓಡಾಡಿದವರು ಲ್ಯಾಂಬೆತ್‌ಗೆ ಮೇಯರ್ ಆಗಿದ್ದ ನಮ್ಮ ಕಲಬುರಗಿಯವರೇ, ಡಾ. ನೀರಜ್ ಪಾಟೀಲ್. ಟಿಕೆಟ್ ಇಲ್ಲ, ಕ್ಯೂ ಇಲ್ಲ. ಬಸವಕಲ್ಯಾಣದ 108 ಅಡಿ ಮೂರ್ತಿ ನೋಡಿದ ಕಣ್ಣಿಗೆ ಇದು ಚಿಕ್ಕದು, ಎದೆವರೆಗಿನ ಮೂರ್ತಿ. ಆದರೆ ನದಿಯಾಚೆ ಬ್ರಿಟಿಷ್ ಪಾರ್ಲಿಮೆಂಟ್ ಇದೆ ನೋಡಿ. ಅನುಭವ ಮಂಟಪ ಕಟ್ಟಿದವರು ಅಲ್ಲಿ ಕೂತಿದ್ದಾರೆ ಅಂದರೆ ಎದೆ ತುಂಬಿ ಬರುತ್ತದೆ. ನಮ್ಮ ಅವ್ವ ಬೆಂಚಿನ ಮೇಲೆ ಕೂತು ಒಂದಾದ ಮೇಲೆ ಒಂದು ವಚನ ಹೇಳುತ್ತಾ ಹೋದರು. ಏಳಿ ಅನ್ನಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ಅಲ್ಲಿಗೆ ಹತ್ತು ನಿಮಿಷ ಅಂತ ಲೆಕ್ಕ ಹಾಕಬೇಡಿ.

ವಾಕ್ಸ್‌ಹಾಲ್ ಸ್ಟೇಷನ್‌ನಲ್ಲಿ ಲಿಫ್ಟ್ ಇದೆ. ಅಲ್ಲಿ ಇಳಿದು ಬನ್ನಿ. ಮೂರ್ತಿ ನೋಡಿ ನದಿ ಪಕ್ಕದಲ್ಲೇ ಬಿಗ್ ಬೆನ್ ಕಡೆ ನಡೆಯಿರಿ, ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಮಕ್ಕಳಿಗೆ ಸೇತುವೆಗಳ ಬಣ್ಣ ತೋರಿಸಿ. ಲ್ಯಾಂಬೆತ್ ಸೇತುವೆ ಕೆಂಪು, ಮೇಲ್ಮನೆಯ ಆಸನಗಳ ಬಣ್ಣ. ವೆಸ್ಟ್‌ಮಿನ್‌ಸ್ಟರ್ ಸೇತುವೆ ಹಸಿರು, ಕೆಳಮನೆಯದು. ಎರಡರ ನಡುವೆ ಸೇಂಟ್ ಥಾಮಸ್ ಆಸ್ಪತ್ರೆಯ ಮುಂದೆ ಉದ್ದಕ್ಕೂ ಕೆಂಪು ಹೃದಯ ಬಿಡಿಸಿದ ಗೋಡೆ ಇದೆ. ಕೋವಿಡ್‌ನಲ್ಲಿ ಹೋದ ಒಬ್ಬೊಬ್ಬರಿಗೆ ಒಂದೊಂದು. ಎರಡು ಲಕ್ಷಕ್ಕೂ ಜಾಸ್ತಿ. 2020ರ ಮಾರ್ಚ್‌ನಲ್ಲಿ ದೇಶದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ಊರಲ್ಲೇ ಅಲ್ವಾ. ಅಲ್ಲಿ ಸುಮ್ನೆ ನಡೆದು ದಾಟಿ ಹೋಗಲು ನನ್ನಿಂದ ಆಗಲ್ಲ.

ಗಂಟೆ ಹೊಡೆಯುವ ಹೊತ್ತಿಗೆ ವೆಸ್ಟ್‌ಮಿನ್‌ಸ್ಟರ್ ಸೇತುವೆ ಮೇಲಿರಿ. ಲಂಡನ್ ಐ ಕೆಳಗಿಂದಲೇ ಚೆನ್ನಾಗಿ ಕಾಣುತ್ತದೆ. ಪಾರ್ಲಿಮೆಂಟ್ ಚೌಕದಲ್ಲಿ ಗಾಂಧೀಜಿ ಮೂರ್ತಿ ಇದೆ. ಅರಮನೆ ಕಾವಲು ಬದಲಾವಣೆ ಬಿಡಿ. ಗುಂಪಿನಲ್ಲಿ ತುಂಬಾ ಹೊತ್ತು ನಿಲ್ಲಬೇಕು, ಮೊಣಕಾಲಿಗೆ ಅದು ಬೇಡ. ಮೇಣದ ಗೊಂಬೆಯೂ ಬೇಡ. ಕೊಹಿನೂರ್ ನೋಡಲೇಬೇಕು ಅಂದರೆ ವೆಸ್ಟ್‌ಮಿನ್‌ಸ್ಟರ್‌ನಿಂದ ಬೋಟ್ ಹತ್ತಿ ಟವರ್ ಆಫ್ ಲಂಡನ್‌ಗೆ ಹೋಗಿ.

ಚೌಬಾರಾ ಓಣಿ, ಬೀದರ್

ಅಣ್ಣಾರೆ ಹೇಳಿದ ಬೆಳಗಿನ ದಾರಿಗೆ ನನ್ನದೂ ಹೂಂ. ಟವರ್ ವಿಷಯದಲ್ಲಿ ಮಾತ್ರ ನಾನು ಒಪ್ಪಲ್ಲ. ಟಿಕೆಟ್ ದುಬಾರಿ, ಒಳಗೆ ಕಲ್ಲು ಹಾಸು, ಮೆಟ್ಟಿಲು. ಅದರ ಬದಲು ಸೌತ್ ಕೆನ್ಸಿಂಗ್‌ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂಗೆ ಹೋಗಿ ಅಕ್ಕಾ. ಪ್ರವೇಶ ಉಚಿತ. ಶುಕ್ರವಾರ ರಾತ್ರಿ 10ರವರೆಗೆ ತೆರೆದಿರುತ್ತದೆ, ನಿಮ್ಮ ದಿನವೂ ಅದೇ.

ನಮ್ಮ ಅಪ್ಪ ಬಿದ್ರಿ ಕೆಲಸದವರು. ಸತು, ತಾಮ್ರ ಕೂಡಿಸಿ ಎರಕ ಹೊಯ್ದು, ಉಳಿಯಿಂದ ಕೆತ್ತಿ, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ನಮ್ಮ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರು. ಆಗ ಪಾತ್ರೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಮ್ಯೂಸಿಯಂನ ಸಂಗ್ರಹದಲ್ಲಿ ನೂರಾರು ವರ್ಷ ಹಳೆಯ ಬಿದ್ರಿ ಹುಕ್ಕಾಗಳಿವೆ. ಮಾಡಿದವರ ಹೆಸರು ಯಾರೂ ಬರೆದಿಟ್ಟಿಲ್ಲ, ಕೈ ಮಾತ್ರ ನಮ್ಮವರದು. ಟಿಪ್ಪುವಿನ ಹುಲಿ ಬೊಂಬೆಯೂ ಆ ಮ್ಯೂಸಿಯಂದೇ. ಎಲ್ಲವನ್ನೂ ಸದಾ ಹೊರಗಿಟ್ಟಿರಲ್ಲ. ಯಾವ ಕೋಣೆ ತೆರೆದಿದೆ ಅಂತ ಮೊದಲೇ ಅವರ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ.

ಎದುರಿಗೇ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಅದೂ ಉಚಿತ. ಸೂರಿನಿಂದ ಇಳಿಬಿಟ್ಟ ನೀಲಿ ತಿಮಿಂಗಿಲದ ಇಡೀ ಅಸ್ಥಿಪಂಜರವಿದೆ. ಅದು ಬೇಗ ಮುಚ್ಚುತ್ತದೆ, ಮಕ್ಕಳನ್ನು ಮೊದಲು ಅಲ್ಲಿಗೆ ಕರೆದೊಯ್ಯಿರಿ. ಬಸ್ಸಲ್ಲೇ ಹೋಗಿ, ಆ ಮೆಟ್ರೊ ಸ್ಟೇಷನ್‌ನಲ್ಲಿ ಮೆಟ್ಟಿಲು ಜಾಸ್ತಿ.

ಸುರಪುರದ ಸುಮಾ

ಊಟಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋಗಿ. ಪೇಡೆ, ತುಪ್ಪ ಬೇಡ. ಹಾಲಿನ ಪದಾರ್ಥ ಇಂಡಿಯಾದಿಂದ ಒಳಗೆ ಬಿಡಲ್ಲ. ಅಲ್ಲಿ ವೆಜಿಟೇರಿಯನ್ ಅಂತ ಬರೆದಿದ್ದರೂ ಮೊಟ್ಟೆ ಇರಬಹುದು. ವೀಗನ್ ಅಂತ ಇದ್ದರೆ ಮೊಟ್ಟೆಯೂ ಇಲ್ಲ, ಹಾಲೂ ಇಲ್ಲ. ಪ್ಯಾಕೆಟ್ ಮೇಲೆ ಮೊಟ್ಟೆ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿರುತ್ತಾರೆ, ನಿಮ್ಮ ಮಗಳೇ ಓದಿ ಹೇಳುತ್ತಾಳೆ. ಅತ್ತೆಗೆ ಒಂದು ಸ್ವೆಟರ್ ಇರಲಿ. ನಮ್ಮ ಬಿಸಿಲಿಂದ ಹೋದವರಿಗೆ ನದಿ ಗಾಳಿ ಜೂನ್‌ನಲ್ಲೂ ಚಳಿ. ಹೊತ್ತು ಮುಳುಗುವುದು ರಾತ್ರಿ 9 ದಾಟಿದ ಮೇಲೆ. ಹಾಗಾಗಿ ಅವಸರ ಮಾಡಬೇಡಿ.

ಶಹಾಬಜಾರ್ ಸೊಸೆ, ಕಲಬುರಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಗೆ ಓದಿ ಹೇಳಿದೆ. ಮೂರ್ತಿ ಮುಂದೆ ಇಡಲು ವಿಭೂತಿ ಗಟ್ಟಿ ಈಗಲೇ ತೆಗೆದಿಟ್ಟಿದ್ದಾರೆ. ಬೆಳಿಗ್ಗೆ ಬಸವಣ್ಣ, ನದಿ, ಬಿಗ್ ಬೆನ್. ಮಧ್ಯಾಹ್ನ ತಿಮಿಂಗಿಲ, ಸಂಜೆ ಬಿದ್ರಿ. ಕೊಹಿನೂರ್ ಬಿಡಲು ಮನೆಯವರು ಇನ್ನೂ ಒಪ್ಪಿಲ್ಲ. ಬಸ್, ಮೆಟ್ರೊಗೆ ದುಡ್ಡು ಹೇಗೆ ಕೊಡಬೇಕು?

ಆಳಂದ ರಸ್ತೆಯವ, ಈಗ ಕ್ರಾಯ್ಡನ್

ಬಸ್ಸಲ್ಲಿ ನಗದು ತಗೊಳ್ಳಲ್ಲ ಅಕ್ಕಾರೆ. ದೊಡ್ಡವರು ಮೂವರೂ ಬೇರೆ ಬೇರೆ ಕಾರ್ಡ್ ಮುಟ್ಟಿಸಬೇಕು, ಒಂದೇ ಕಾರ್ಡ್ ಎಲ್ಲರಿಗೂ ನಡೆಯಲ್ಲ. ನಿಮ್ಮ ಬ್ಯಾಂಕಿನಲ್ಲಿ ಹೊರದೇಶದ ಬಳಕೆ ಆನ್ ಮಾಡಿಸಿ. ಇಲ್ಲಾಂದ್ರೆ ಇಲ್ಲಿ ಆಯ್‌ಸ್ಟರ್ ಕಾರ್ಡ್ ಕೊಳ್ಳಿ. ಮೆಟ್ರೊದಲ್ಲಿ ಇಳಿಯುವಾಗಲೂ ಮುಟ್ಟಿಸಿ, ಬಸ್ಸಲ್ಲಿ ಹತ್ತುವಾಗ ಮಾತ್ರ. ಹನ್ನೊಂದು ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಎರಡರಲ್ಲೂ ಉಚಿತ, ಇಬ್ಬರದೂ ಚಾರ್ಜ್ ಇಲ್ಲ.