ಹಸಿರು ಪುಡಿ ಉದುರಿಸುವ ಬಿಳಿ ಅಣಬೆ ಯಾವುದು? ಗುರುತಿಸಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಮಳೆ ಬಿದ್ದ ಮೂರನೇ ದಿನ ಹುಲ್ಲಿನಲ್ಲಿ ಐದಾರು ದೊಡ್ಡ ಬಿಳಿ ಅಣಬೆಗಳು ಎದ್ದಿವೆ. ಮಕ್ಕಳು ಅಲ್ಲೇ ಆಡುತ್ತಾರೆ, ಹಾಗಾಗಿ ಖಚಿತವಾಗಿ ತಿಳಿಯಬೇಕು.

ಟೊಪ್ಪಿ ಸುಮಾರು 15 ಸೆಂ.ಮೀ. ಅಗಲ. ನಡುವೆ ಕಂದು ಚಕ್ಕೆಗಳಿವೆ, ಅಂಚಿನ ಕಡೆ ವಿರಳ. ದಂಟಿನ ಮೇಲೊಂದು ಉಂಗುರ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಮೇಲೆ ಕೆಳಗೆ ಜಾರುತ್ತದೆ! ಬುಡವನ್ನು ಮಣ್ಣು ಸಮೇತ ಎತ್ತಿ ನೋಡಿದೆ. ಅಮಾನಿಟಾ (ಹಲವು ವಿಷದ ಅಣಬೆಗಳಿರುವ ಗುಂಪು) ಅಣಬೆಗಳಲ್ಲಿ ಸಾಮಾನ್ಯವಾಗಿ ಬುಡದಲ್ಲಿ ಇರುವ ಚೀಲ ಕಾಣಲಿಲ್ಲ.

ಆಮೇಲೆ ಟೊಪ್ಪಿಯನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲಿಟ್ಟು, ಬಟ್ಟಲು ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಎತ್ತಿದರೆ ಬೂದು ಹಸಿರು ಪುಡಿ, ಗೆರೆಗೆರೆಯಾಗಿ. ಟೊಪ್ಪಿಯ ಅಡಿಯ ಪದರಗಳು ಮಾತ್ರ ಇನ್ನೂ ಹೆಚ್ಚುಕಡಿಮೆ ಬಿಳಿಯಾಗೇ ಇದ್ದವು.

ಈ ಪುಡಿ ಅಂದರೆ ಅಣಬೆಯ ಬೀಜಕಣ. ಅದು ಹಸಿರಾಗಿದ್ದರೆ ಅಣಬೆ ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಇರಬೇಕು ಅನ್ನಿಸುತ್ತಿದೆ. ಅದನ್ನು ತಿಂದರೆ ವಾಂತಿ ಭೇದಿ ಜೋರಾಗಿ ಶುರುವಾಗುತ್ತದೆ. ತಿನ್ನುವ ಪ್ಯಾರಸಾಲ್ ಅಣಬೆ ಅಂತ ಜನ ಮೋಸ ಹೋಗುವುದು ಇದರಿಂದಲೇ ಅಲ್ವಾ? ಪ್ಯಾರಸಾಲ್‌ನ ಬೀಜಕಣ ಬಿಳಿ, ದಂಟಿನ ಮೇಲೆ ಹಾವಿನ ಚರ್ಮದಂಥ ಕಂದು ಪಟ್ಟೆಗಳು. ನನ್ನ ಅಣಬೆಯ ದಂಟು ನುಣುಪಾಗಿದೆ.

ನನ್ನ ಪ್ರಶ್ನೆ ಇಷ್ಟು. ಇನ್ನೂ ಅರಳದ ಎಳೆ ಅಣಬೆಯಿಂದ ಬೀಜಕಣ ಉದುರುವುದಿಲ್ಲ. ಆಗ ಇವೆರಡನ್ನು ಬೇರೆ ಮಾಡುವುದು ಹೇಗೆ? ದಂಟಿನ ಪಟ್ಟೆ ಒಂದನ್ನೇ ನಂಬಬಹುದಾ, ಅಥವಾ ಸೂಕ್ಷ್ಮದರ್ಶಕ ಬೇಕೇ ಬೇಕಾ? ತಿನ್ನುವ ಯೋಚನೆ ಖಂಡಿತ ಇಲ್ಲ. ಟೊಪ್ಪಿ, ಅಡಿಭಾಗ, ಬುಡ, ಪುಡಿಯ ಗುರುತು ಎಲ್ಲದರ ಫೋಟೋ ಹಾಕಿದ್ದೇನೆ. ಬೇರೆ ಕೋನದಿಂದ ಬೇಕಿದ್ದರೆ ಹೇಳಿ, ಈಗಲೇ ತೆಗೆದು ಹಾಕುತ್ತೇನೆ.