ಮೈನಸ್ 25ರಲ್ಲಿ ಎಲೆಕ್ಟ್ರಿಕ್ ಕಾರು: ಮೆಕ್ಯಾನಿಕ್‌ಗೆ ಕೇಳಿ

ಮೆಕ್ಯಾನಿಕ್: ಎಲ್ಲರಿಗೂ ನಮಸ್ಕಾರ. ಕೆನಡಾದ ಆಲ್ಬರ್ಟಾದಲ್ಲಿ ಇವಿ, ಅಂದರೆ ಎಲೆಕ್ಟ್ರಿಕ್ ಕಾರು ರಿಪೇರಿ ಮಾಡುತ್ತೇನೆ. ಕೆಲಸ ಮುಗಿದಿದೆ, ಕೇಳಿ.

ಕ್ಯಾಲ್ಗರಿ ಸದಸ್ಯ: ಸರ್, ಬೇಸಿಗೆಯಲ್ಲಿ 400 ಕಿ.ಮೀ. ಓಡುತ್ತಿದ್ದ ಕಾರು ಈಗ 250ಕ್ಕೇ ಸುಸ್ತು. ಬ್ಯಾಟರಿ ಹೋಯ್ತಾ?

ಮೆಕ್ಯಾನಿಕ್: ಹೋಗಿಲ್ಲ. ಪೆಟ್ರೋಲ್ ಎಂಜಿನ್‌ನಿಂದ ಹೇಗೂ ಬಿಸಿ ಬರುತ್ತದೆ. ಮೋಟರ್‌ನಲ್ಲಿ ಅಷ್ಟು ಬಿಸಿ ಇಲ್ಲ, ಹೀಟರ್‌ಗೆ ಬ್ಯಾಟರಿಯ ಕರೆಂಟೇ ಬೇಕು. ಈ ಚಳಿಗೆ 3ರಿಂದ 5 ಕಿಲೋವ್ಯಾಟ್ ಎಳೆಯುತ್ತದೆ. ಅಂಗಡಿಗೆ, ಸ್ಕೂಲಿಗೆ ಅಂತ ಸಣ್ಣ ಓಡಾಟವಾದರೆ ಪ್ರತಿ ಸಲ ಮೊದಲಿನಿಂದ ಕಾಯಿಸಬೇಕು. ಹೊರಡುವ ಮೊದಲು, ಚಾರ್ಜಿಗೆ ಹಾಕಿದ್ದಾಗಲೇ ಕಾರು ಬಿಸಿ ಮಾಡಿಕೊಳ್ಳಿ.

ಎಡ್ಮಂಟನ್ ಸದಸ್ಯೆ: ಅಣ್ಣ, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಬ್ಲಾಕ್ ಹೀಟರ್‌ಗೆ (ಪೆಟ್ರೋಲ್ ಎಂಜಿನ್ ಬೆಚ್ಚಗಿಡುವ ಹೀಟರ್) ಅಂತ ಇರುವ ಸಾಕೆಟ್‌ಗೆ ಎಕ್ಸ್‌ಟೆನ್ಷನ್ ವೈರ್ ಹಾಕಿ ಚಾರ್ಜ್ ಮಾಡುತ್ತೇನೆ. ರಾತ್ರಿಯೆಲ್ಲ ಹಾಕಿದರೂ ಶೇ. 2 ಏರಿತು ಅಷ್ಟೆ. ಬೆಳಿಗ್ಗೆ ಪ್ಲಗ್ ಬಿಸಿ ಇತ್ತು, ಸುಟ್ಟ ವಾಸನೆ ಬೇರೆ. ಇದು ಮಾಮೂಲಾ?

ಮೆಕ್ಯಾನಿಕ್: ಅಲ್ಲಮ್ಮ, ಖಂಡಿತ ಮಾಮೂಲಲ್ಲ. ಇವತ್ತು ಅಲ್ಲಿ ಚಾರ್ಜ್ ಮಾಡಲೇಬೇಡಿ. ಮೊದಲು ಆ ಶೇ. 2 ಯಾಕೆ ಅಂತ ಹೇಳುತ್ತೇನೆ. 120 ವೋಲ್ಟ್, 12 ಆಂಪ್ ಅಂದರೆ ಸಿಗುವುದು ಸುಮಾರು 1.4 ಕಿಲೋವ್ಯಾಟ್. ತಣ್ಣಗೆ ಕೊರೆಯುವ ಬ್ಯಾಟರಿಗೆ ಜೋರಾಗಿ ಚಾರ್ಜ್ ತುಂಬಿದರೆ ಲಿಥಿಯಂ ಅದರೊಳಗಿನ ಗ್ರಾಫೈಟ್ ಪದರದ ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಹಾಗೆ ಕೂತದ್ದರಲ್ಲಿ ಒಂದಷ್ಟು ವಾಪಸ್ ಸಿಗುವುದಿಲ್ಲ. ಅದಕ್ಕೇ ಕಾರು ಮೊದಲು ಬ್ಯಾಟರಿ ಕಾಯಿಸುತ್ತದೆ. ನಿಮ್ಮ ಕರೆಂಟ್ ಬಹುಪಾಲು ಅಲ್ಲೇ ಖರ್ಚು. ಕೆಲವು ಪಾರ್ಕಿಂಗ್‌ಗಳಲ್ಲಿ ಆ ಸಾಕೆಟ್‌ಗೆ ಕರೆಂಟ್ ಬಿಟ್ಟು ಬಿಟ್ಟು ಬರುತ್ತದೆ. ಎಂಜಿನ್ ಬೆಚ್ಚಗಿಡಲು ಅಷ್ಟು ಸಾಕು, ಕಾರು ಚಾರ್ಜ್ ಮಾಡಲು ಸಾಲದು.
ನನಗೆ ಭಯ ಆ ವಾಸನೆಯದ್ದು. ಹಳೇ ಸಾಕೆಟ್‌ನ ಹಿಡಿತ ಸಡಿಲವಾದರೆ ಸೇರುವ ಜಾಗದಲ್ಲೇ ಬಿಸಿಯಾಗುತ್ತದೆ. ಬ್ಲಾಕ್ ಹೀಟರ್‌ಗಿಂತ ಜಾಸ್ತಿ ಕರೆಂಟು, ಅದೂ ರಾತ್ರಿಯಿಡೀ. ಜೊತೆಗೆ ತೆಳು ವೈರ್. ಮೈನಸ್ 25ರಲ್ಲಿ ಹೊರಗೇ ಬಿಸಿ ಇದೆ ಅಂದರೆ ಒಳಗೆ ಎಷ್ಟಿರಬೇಕು! ಪ್ಲಗ್ ಕಂದು ಬಣ್ಣಕ್ಕೆ ತಿರುಗಿದೆಯಾ? ಫೋಟೋ ಹಾಕಿ. ಮುಟ್ಟಬೇಡಿ.

ರೆಡ್ ಡೀರ್ ಸದಸ್ಯ: ಫಾರ್ವರ್ಡ್: ಚಾರ್ಜಿಂಗ್ ಪೋರ್ಟ್ ಹೆಪ್ಪುಗಟ್ಟಿದರೆ ಕುದಿಯುವ ನೀರು ಸುರಿಯಿರಿ. ಎಲ್ಲ ಗ್ರೂಪಿಗೂ ಕಳಿಸಿ.

ಮೆಕ್ಯಾನಿಕ್: ಯಾರೂ ಸುರಿಯಬೇಡಿ. ಆ ನೀರೇ ಒಳಗಿಳಿದು ಮತ್ತೆ ಮಂಜುಗಡ್ಡೆಯಾಗುತ್ತದೆ. ಆಪ್‌ನಿಂದ ಕಾರು ಬಿಸಿ ಮಾಡಿ, ಕಾಯಿರಿ.

ಇನ್ನೊಬ್ಬ ಸದಸ್ಯ: ಸರ್, ನನ್ನದೂ ರೇಂಜ್ ಕಡಿಮೆಯಾಗಿದೆ. ಬ್ಯಾಟರಿ ಹೋಯ್ತಾ?

ಮೆಕ್ಯಾನಿಕ್: ಮೇಲೆ ಓದಿ.

ರೆಡ್ ಡೀರ್ ಸದಸ್ಯ: ಹಿಮದಲ್ಲಿ ಸಿಕ್ಕಿಕೊಂಡರೆ ಇವಿ 3 ಗಂಟೆಯೂ ನಿಲ್ಲುವುದಿಲ್ಲವಂತೆ. ಪೆಟ್ರೋಲೇ ವಾಸಿ.

ಓಸ್ಲೋ ಸದಸ್ಯ: ಯಾರು ಹೇಳಿದ್ದು? 2024ರಲ್ಲಿ ನಾರ್ವೆಯ ಹೊಸ ಕಾರುಗಳಲ್ಲಿ ಸುಮಾರು ಶೇ. 89 ಇವಿ. ನಮಗೆ ಚಳಿ ಇಲ್ವಾ?

ರೆಡ್ ಡೀರ್ ಸದಸ್ಯ: ಓಸ್ಲೋ ಚಳಿ ನಮ್ಮ ಚಳಿ ಒಂದೇನಾ? 2024ರ ಜನವರಿಯಲ್ಲಿ ಶಿಕಾಗೋದಲ್ಲಿ ಚಾರ್ಜರ್ ಮುಂದೆ ಕಾರು ಸಾಲಾಗಿ ನಿಂತಿದ್ದು ಮರೆತಿರಾ?

ಓಸ್ಲೋ ಸದಸ್ಯ: ಬ್ಯಾಟರಿ ಕಾಯಿಸದೆ ಹೋದರೆ ಚಾರ್ಜ್ ನಿಧಾನ, ಸಾಲು ನಿಲ್ಲದೆ ಇನ್ನೇನು? ಓದದೆ ವಾದಿಸಬೇಡಿ.

ರೆಡ್ ಡೀರ್ ಸದಸ್ಯ: ನೀವು ನನಗೆ ಪಾಠ ಹೇಳಬೇಡಿ.

ಮಡಿಕೇರಿ ಸದಸ್ಯೆ: ನಮ್ಮೂರ ಚಳಿಗೂ ಹೀಗಾಗುತ್ತಾ ಸರ್?

ಮೆಕ್ಯಾನಿಕ್: ಜಗಳ ಸಾಕು. ಲೆಕ್ಕ ನೋಡಿ. 60 ಕಿಲೋವ್ಯಾಟ್ ಅವರ್ ಬ್ಯಾಟರಿ ಅರ್ಧ ಇದ್ದರೆ 30. ನಿಂತ ಕಾರಿನ ಹೀಟರ್‌ಗೆ 2 ಕಿಲೋವ್ಯಾಟ್ ಹಿಡಿಯಿರಿ, 15 ಗಂಟೆ ಬರುತ್ತದೆ. ಪೆಟ್ರೋಲ್ ಕಾರಿನವರು ಸೈಲೆನ್ಸರ್ ಬಾಯಿ ಹಿಮದಲ್ಲಿ ಮುಚ್ಚದಂತೆ ನೋಡಿಕೊಳ್ಳಿ, ವಿಷಗಾಳಿ ಒಳಗೆ ಬಂದರೆ ಜೀವ ಹೋಗುತ್ತದೆ. ಎಡ್ಮಂಟನ್‌ನವರೇ, ಫೋಟೋ ಎಲ್ಲಿ?

ಇನ್ನೊಬ್ಬ ಸದಸ್ಯ: ಓದಿದೆ ಸರ್. ಆದರೂ ಒಂದು ಸಲ ಟೆಸ್ಟ್ ಮಾಡಿಸಲಾ?

ಮೆಕ್ಯಾನಿಕ್: ಬೇಡ.

ಎಡ್ಮಂಟನ್ ಸದಸ್ಯೆ: ಫೋಟೋ ಹಾಕಿದ್ದೇನೆ ಅಣ್ಣ. ಕಂದು ಕಲೆ ಇದೆ. ಮ್ಯಾನೇಜರ್ ನಾಳೆ ಬರುತ್ತಾರಂತೆ.

ಮೆಕ್ಯಾನಿಕ್: ನಾಳೆ ಅಲ್ಲ, ಈಗಲೇ. ತುರ್ತು ನಂಬರ್‌ಗೆ ಫೋನ್ ಮಾಡಿ ಬ್ರೇಕರ್ ಆಫ್ ಮಾಡಿಸಿ. ಆಮೇಲೇ ಪ್ಲಗ್ ತೆಗೆಯಬೇಕು. ಎಲೆಕ್ಟ್ರಿಷಿಯನ್ ಸಾಕೆಟ್ ಬದಲಿಸುವ ತನಕ ಹೊರಗಿನ ಚಾರ್ಜರ್‌ಗೆ ಹೋಗಿ.

ಎಡ್ಮಂಟನ್ ಸದಸ್ಯೆ: ಬಂದು ಬ್ರೇಕರ್ ಆಫ್ ಮಾಡಿದರು. ಪ್ಲಗ್ ಬರುತ್ತಿಲ್ಲ ಅಣ್ಣ. ಪ್ಲಾಸ್ಟಿಕ್ ಕರಗಿ ಸಾಕೆಟ್‌ಗೇ ಅಂಟಿಕೊಂಡಿದೆ.